ಕೊರ್ಬಾನ್ ಎಂದ ಮಗ, ಮನೆಗೆ ಕರೆದೊಯ್ದ ಗೆಳೆಯ

ಬೇರಿಕೆಯ ಸುತ್ತಮುತ್ತ ಗುಲಾಬಿಯ ಹಸಿರುಮನೆಗಳು ಹೆಚ್ಚಿದವು. ಹೊಸೂರಿನ ಕಾರ್ಖಾನೆಗಳೂ ಬೆಂಗಳೂರಿನ ನೆರೆಯೂ ಸೇರಿ ಭೂಮಿಯ ಬೆಲೆಯನ್ನು ಏರಿಸಿದವು. ರಾಗಿ, ಹುರುಳಿ ಬೆಳೆಯುತ್ತಿದ್ದ ತುಂಡು ಹೊಲಕ್ಕೂ ಈಗ ಅಳತೆ ಬೇಕು, ಪಟ್ಟಾ ಬೇಕು, ಪತ್ರ ಬೇಕು. ಇದರೊಡನೆ ಹಿರಿಯರ ಬಾಳಿನಲ್ಲಿ ಹಿಂದಿನವರು ಅಷ್ಟಾಗಿ ಕಾಣದಿದ್ದ ಒಂದು ದಿನ ಸೇರಿಕೊಂಡಿದೆ. ಅದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಿನ. ಎಪ್ಪತ್ತು ದಾಟಿದ ತಾಯಿ ಒಳ್ಳೆಯ ಸೀರೆಯುಟ್ಟು ಮಗನೊಡನೆ ಹೊರಡುತ್ತಾಳೆ. ಛಾಯಾಚಿತ್ರ, ಬೆರಳಚ್ಚು, ಸಹಿ, ಹೋಟೆಲಿನಲ್ಲಿ ಊಟ, ಸಂಜೆಗೆ ಮನೆ. ಬೆಳಿಗ್ಗೆ ಅವಳದಾಗಿದ್ದ ಆ ಮನೆ ಸಂಜೆಯ ಹೊತ್ತಿಗೆ ಅವನದು.

ಇಂಥ ಮಕ್ಕಳೆಲ್ಲರೂ ದುರುಳರೆಂದು ಯಾರೂ ಹೇಳಲಾರರು. ಕುಟುಂಬದೊಳಗಿನ ಸೆಟಲ್‌ಮೆಂಟ್ ಪತ್ರಕ್ಕೆ ತಮಿಳುನಾಡಿನಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ; ಬ್ಯಾಂಕಿನ ಸಾಲಕ್ಕೂ ಅದು ಅನುಕೂಲ. ತಾಯಿಯೇ ಎಷ್ಟೋ ಸಲ ‘ನನ್ನ ಕಣ್ಣೆದುರೇ ಮಾಡಿಬಿಡೋಣ’ ಎನ್ನುವುದುಂಟು. ತೊಡಕಿರುವುದು ಪತ್ರದೊಳಗಿನ ಒಂದು ಮಾತಿನಲ್ಲಿ. ಏತಕ್ಕಾಗಿ ಕೊಡಲಾಗಿದೆ ಎಂಬಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದಿರುತ್ತದೆ. ಕೊಡುವವಳ ಪ್ರೀತಿ ದಾಖಲೆಗೆ ಬಂತು. ಪಡೆಯುವವನದು ಬಾಯಿಮಾತಿನಲ್ಲೇ ಉಳಿಯಿತು.

ಕ್ರೈಸ್ತ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ‘ಕೊರ್ಬಾನ್’ ಎಂಬ ಶಬ್ದ ಬರುತ್ತದೆ. ದೇವರಿಗೆ ಮೀಸಲಿಟ್ಟದ್ದು ಎಂದು ಅದರ ಅರ್ಥ. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ಕೊರ್ಬಾನ್ ಎಂದು ಘೋಷಿಸಿಬಿಟ್ಟರೆ, ಅವರಿಗೆ ಏನನ್ನೂ ಮಾಡದೆ ಇರಲು ಮಗನಿಗೆ ಶಾಸ್ತ್ರಿಗಳ ಸಂಪ್ರದಾಯವೇ ದಾರಿ ಬಿಡುತ್ತಿತ್ತು. ಯೇಸು ಅದನ್ನು ನೇರವಾಗಿ ಖಂಡಿಸಿದನು. ವಕೀಲಿ ಕಣ್ಣಿನಿಂದ ನೋಡಿದರೆ ಈ ಭಾಗದ ಸ್ವಾರಸ್ಯ ಬೇರೆಯೇ ಇದೆ. ಅಲ್ಲಿ ಮಗ ಕಳ್ಳನಲ್ಲ, ಸುಳ್ಳುಗಾರನೂ ಅಲ್ಲ. ಅವನ ಕಾಗದಪತ್ರ ಕ್ರಮಬದ್ಧವಾಗಿದೆ, ಮೇಲಾಗಿ ಅದರ ಮೇಲೆ ಭಕ್ತಿಯ ಮುದ್ರೆಯೂ ಇದೆ. ಸಭೆಗೆ ತಪ್ಪದೆ ಕಾಣಿಕೆ ಸಲ್ಲಿಸಿ ತಾಯಿಯ ಔಷಧಿಗೆ ಮಾತ್ರ ತಮ್ಮನತ್ತ ಬೆರಳು ತೋರಿಸುವ ಅಣ್ಣ ಆ ವಂಶದವನೇ.

ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಇದಕ್ಕೆ ಎದುರಾದ ಚಿತ್ರವಿದೆ. ಶಿಲುಬೆಯ ಮೇಲಿನ ಮಗ ತಾಯಿಯನ್ನು ತನ್ನ ಪ್ರೀತಿಯ ಶಿಷ್ಯನಿಗೆ ಒಪ್ಪಿಸುತ್ತಾನೆ. ಅಂದಿನಿಂದ ಆ ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಳ್ಳುತ್ತಾನೆ. ಆತ ಯೋಹಾನನೇ ಎಂಬುದು ಸಭೆಯ ಪರಂಪರೆ. ಹೊತ್ತುಕೊಂಡವನು ಗೆಳೆಯ, ನಡೆದದ್ದು ಸಾಕ್ಷಿಗಳ ಮುಂದೆ, ಬದಲಿಗೆ ಯಾವ ಆಸ್ತಿಯೂ ಕೈ ಬದಲಾಗಲಿಲ್ಲ.

ಭಾರತದ ಶಾಸನದಲ್ಲಿ ಈ ಗೆಳೆಯನಿಗೂ ಒಂದು ಸ್ಥಾನವಿದೆ. ಅದು ಹೆಚ್ಚಿನವರಿಗೆ ತಿಳಿದಂತಿಲ್ಲ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ 1956ರ ಜೀವನಾಂಶ ಕಾಯ್ದೆ ಇದ್ದಂತೆ ಕ್ರೈಸ್ತರಿಗೆ ತಮ್ಮದೇ ಆದ ಕಾನೂನು ಇಲ್ಲವಾದ್ದರಿಂದ ಅವರಿಗೆ ಇದರ ಬೆಲೆ ಇನ್ನೂ ಹೆಚ್ಚು. ತಮ್ಮ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ತಂದೆತಾಯಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಬೇರಿಕೆಯ ಕಡೆಯವರಿಗೆ ಅದು ಹೊಸೂರಿನ ಸಬ್ ಕಲೆಕ್ಟರರ ಕಚೇರಿ. ಮಗಳೂ ಮಗನಷ್ಟೇ ಹೊಣೆಗಾರಳು, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಹೊಣೆಗಾರರೇ. ನೋಟಿಸು ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಎಂಬ ಮಿತಿಯನ್ನು ಶಾಸನ ಇಟ್ಟಿದೆ. ಇಂದಿನ ಆಸ್ಪತ್ರೆಯ ಖರ್ಚಿಗೆ ಅದು ಸಾಲದು, ಇರಲಿ. ಮುಖ್ಯವಾದದ್ದು 5ನೆಯ ಕಲಮು. ಹಿರಿಯರು ತಾವೇ ಅರ್ಜಿ ಹಾಕಲಾರದಿದ್ದರೆ, ಅವರು ಅಧಿಕಾರ ಕೊಟ್ಟ ಬೇರೆ ಯಾರಾದರೂ ಹಾಕಬಹುದು. ಆ ವ್ಯಕ್ತಿ ರಕ್ತಸಂಬಂಧಿಯಾಗಬೇಕಿಲ್ಲ, ಒಂದೇ ಸಭೆಯವನೂ ಒಂದೇ ಧರ್ಮದವನೂ ಆಗಬೇಕಿಲ್ಲ. ಇದೇ ಕಾಯ್ದೆಯ 17ನೆಯ ಕಲಮು ವಕೀಲರನ್ನು ಹೊರಗಿಟ್ಟಿದೆ. ಕೆಲವು ಉಚ್ಚ ನ್ಯಾಯಾಲಯಗಳು ಅದನ್ನು ಒಪ್ಪಿಲ್ಲವೆಂಬುದು ನಿಜ. ಆದರೂ ವಕೀಲರನ್ನು ಹೊರಗಿಟ್ಟು ನೆರೆಮನೆಯವನನ್ನು ಒಳಗೆ ಬಿಟ್ಟ ಶಾಸನ ಇನ್ನೊಂದಿರಲಾರದು!

ವೃದ್ಧಾಪ್ಯದಲ್ಲಿ ಗೆಳೆತನದ ಕೆಲಸವೇ ಅದು. ಜಗಲಿಗೆ ಬರುತ್ತಿದ್ದವಳು ನಾಲ್ಕು ದಿನ ಬರದಿದ್ದರೆ ಮೊದಲು ತಿಳಿಯುವುದು ಎದುರುಮನೆಯ ಗೆಳತಿಗೆ. ಭಾನುವಾರದ ಆರಾಧನೆಯಲ್ಲಿ ಒಂದು ಜಾಗ ಖಾಲಿಯಾದರೆ ಪಕ್ಕದವಳಿಗೆ ತಿಳಿಯುತ್ತದೆ. ಕನ್ನಡಕ ಒಡೆದು ತಿಂಗಳಾಯಿತೆಂಬುದನ್ನು ಮಗನಿಗೆ ಹೇಳದ ತಾಯಿ ಅವಳಿಗೆ ಹೇಳುತ್ತಾಳೆ. ತೆಲುಗು, ಕನ್ನಡ, ತಮಿಳು ಬೆರೆತ ಈ ಗಡಿಯಲ್ಲಿ ಅವರಿಬ್ಬರ ಮನೆಮಾತು ಬೇರೆಯಾಗಿದ್ದರೂ ಆಶ್ಚರ್ಯವಿಲ್ಲ.

ಆದರೆ ಗೆಳತಿ ಗಮನಿಸುವ ವೇಳೆಗೆ ಮನೆಯ ಪತ್ರ ಆಗಿಹೋಗಿದ್ದರೆ? 23ನೆಯ ಕಲಮು ಇರುವುದು ಅಂಥ ಸಂದರ್ಭಕ್ಕೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನು ವಂಚನೆಯಿಂದ ಪಡೆದದ್ದೆಂದು ಭಾವಿಸಿ ರದ್ದುಗೊಳಿಸಬಹುದು. ತೂಕವೆಲ್ಲ ‘ಷರತ್ತಿನ ಮೇಲೆ’ ಎಂಬ ಮಾತಿನಲ್ಲಿದೆ. ಪ್ರೀತಿಯಿಂದ ಕೊಟ್ಟರು ಎಂಬುದರಿಂದಲೇ ಷರತ್ತು ಇತ್ತೆಂದು ಊಹಿಸಲಾಗದು ಎಂದು ಸುದೇಶ್ ಛಿಕ್ಕಾರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕೆಂದು, ಮಗನಿಗೆ ಕೊಟ್ಟ ಆಸ್ತಿಯನ್ನು ತಾಯಿಗೆ ಮರಳಿಸಿತು. ಆ ತಾಯಿಯ ಕೈಯಲ್ಲಿ ದಾನಪತ್ರದೊಡನೆ ಮಗ ಬರೆದುಕೊಟ್ಟಿದ್ದ ವಚನಪತ್ರವಿತ್ತು. ಆ ಒಂದು ಹಾಳೆ ಇಲ್ಲದಿದ್ದರೆ ಅವಳ ಹಾದಿ ಬಹಳ ದೂರವಾಗುತ್ತಿತ್ತು.

ಕ್ರೈಸ್ತ ತಾಯಂದಿರ ಮುಂದೆ ಇನ್ನೂ ಒಂದು ಗುಂಡಿ ಇದೆ. ಮನೆಯನ್ನು ಮಗನ ಹೆಸರಿಗೆ ಬರೆದಳು, ಮಗ ಚೆನ್ನಾಗಿಯೇ ನೋಡಿಕೊಂಡ, ಆದರೆ ಉಯಿಲು ಬರೆಯದೆ ತಾಯಿಗಿಂತ ಮೊದಲೇ ತೀರಿಕೊಂಡ ಎನ್ನೋಣ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅಂಥ ತಾಯಿ ಸೊಸೆ ಮೊಮ್ಮಕ್ಕಳೊಡನೆ ಮೊದಲ ವರ್ಗದ ವಾರಸುದಾರಳು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೆ ಮೂರನೆಯ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ತಾಯಿಗೆ ಏನೂ ಇಲ್ಲ. 2007ರ ಕಾಯ್ದೆಯ ‘ಮಕ್ಕಳು’ ಎಂಬ ಪದದೊಳಗೆ ಸೊಸೆಯೂ ಬರುವುದಿಲ್ಲ. ನೊವೊಮಿಯ ಸ್ಥಿತಿ ಇದೇ ಆಗಿತ್ತು: ಗಂಡನೂ ಇಲ್ಲ, ಇಬ್ಬರು ಗಂಡುಮಕ್ಕಳೂ ಇಲ್ಲ, ಉಳಿದವರು ಅನ್ಯದೇಶದ ಸೊಸೆಯರು. ಒಬ್ಬಳು ತವರಿಗೆ ಹೋದಳು. ಹೋಗೆಂದವಳು ಅತ್ತೆಯೇ, ಆದ್ದರಿಂದ ಅವಳನ್ನು ದೂರುವಂತಿಲ್ಲ. ರೂತಳು ಉಳಿದಳು, ಬೇತ್ಲೆಹೇಮಿನ ಹೊಲಗಳಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ರೂತಳಂಥ ಸೊಸೆಯರು ಗಡಿನಾಡಿನಲ್ಲೂ ಬೇಕಾದಷ್ಟು ಇದ್ದಾರೆ. ಹಾಗಿದ್ದರೂ ರೂತಳು ಸಿಕ್ಕಾಳೆಂಬ ನಂಬಿಕೆಯ ಮೇಲೆ ಪತ್ರ ಬರೆಯುವುದು ವಿವೇಕವಲ್ಲ.

ಹಾಗಾದರೆ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಕೊಡಲೇಬೇಕೆಂದಿದ್ದರೆ, ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸಿ ಅನುಭವಿಸುವ ಹಕ್ಕನ್ನು ತಾಯಿ ತನಗೇ ಉಳಿಸಿಕೊಂಡು ಬರೆಯಬಹುದು. ಊಟ, ವಸತಿ, ಔಷಧಿಯ ಹೊಣೆಯನ್ನು ಷರತ್ತಾಗಿ ಪತ್ರದಲ್ಲೇ ಸೇರಿಸಬಹುದು. ಅವಸರವಿಲ್ಲದಿದ್ದರೆ ಉಯಿಲು ಸಾಕು. ಅದನ್ನು ಸಾಯುವವರೆಗೆ ಎಷ್ಟು ಸಲವಾದರೂ ತಿದ್ದಬಹುದು. ಷರತ್ತು ಹಾಕಿದರೆ ಮಗನಿಗೆ ನೋವಾದೀತು ಎಂದು ತಾಯಂದಿರು ಹಿಂಜರಿಯುತ್ತಾರೆ. ನಡೆಸಿಕೊಡುವ ಮನಸ್ಸಿರುವ ಮಗನಿಗೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಸಾಕ್ಷಿಯಾಗಿ ಸಹಿ ಹಾಕಲು ಪತ್ರ ಬರಹಗಾರರ ಬಳಿ ಸುಳಿದಾಡುವ ಅಪರಿಚಿತನಿಗಿಂತ ಎದುರುಮನೆಯ ಗೆಳತಿ ಮೇಲು. ಹತ್ತು ವರ್ಷದ ನಂತರ ಏನು ಮಾತಾಗಿತ್ತೆಂದು ಹೇಳಬಲ್ಲವಳು ಅವಳೇ.

ಉಳಿದದ್ದು ಭಾಷೆ. ಪತ್ರ ಬರೆಯುವುದು ತಮಿಳಿನಲ್ಲಿ. ಹಿಂದಿನ ಕಾಲದಲ್ಲಿ ಕನ್ನಡ ಶಾಲೆಗೆ ಹೋದ ಅಜ್ಜಿ ಕನ್ನಡ ಬೈಬಲನ್ನು ಸರಾಗವಾಗಿ ಓದುತ್ತಾಳೆ, ತನ್ನ ಮನೆಯ ಪತ್ರವನ್ನು ಓದಲಾರಳು. ‘ಓದಿ ಹೇಳಲಾಯಿತು, ಅರ್ಥವಾಯಿತು’ ಎಂಬ ವಾಕ್ಯದ ಕೆಳಗೆ ಅವಳ ಬೆರಳಚ್ಚು ಬೀಳುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ಬಗ್ಗೆ ಕನ್ನಡ ಮಾಧ್ಯಮದ ಕುಟುಂಬಗಳಿಗೆ ಇರುವ ಅಸಮಾಧಾನ ನ್ಯಾಯವಾದದ್ದೇ. ಆದರೂ ಅದರಿಂದ ಮನೆಯಲ್ಲಿ ಎರಡು ಲಿಪಿ ಬಲ್ಲ ಮೊಮ್ಮಗಳೊಬ್ಬಳು ಬೆಳೆದಿದ್ದಾಳೆ. ನೋಂದಣಿಯ ಹಿಂದಿನ ದಿನವೇ ಕರಡನ್ನು ಮನೆಗೆ ತಂದರೆ ಅವಳು ಸಾಲುಸಾಲಾಗಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲಳು. ಹುಡುಕಬೇಕಾದ ಎರಡು ಶಬ್ದಗಳಂತೂ ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ: ನಿಬಂಧನೆ, ಜೀವನಾಂಶ. ಅವು ಕಾಣದಿದ್ದರೆ ಮರುದಿನದ ಬಸ್ಸು ಹತ್ತುವ ಮುನ್ನ ಬರಹಗಾರರಿಗೆ ಒಂದು ಫೋನು ಮಾಡಲು ಇನ್ನೂ ಸಮಯವಿರುತ್ತದೆ.