ಸಸ್ಪೆನ್ಷನ್ ಬುಷ್

ಸಸ್ಪೆನ್ಷನ್ ಬುಷ್ ಎಂಬುದು ವಾಹನದ ಚಕ್ರವನ್ನು ಹಿಡಿದಿರುವ ತೋಳುಗಳು ಚಾಸಿಸ್‌ಗೆ ಸೇರುವ ಕೀಲುಗಳಲ್ಲಿ ಅಳವಡಿಸುವ ಬಿಡಿಭಾಗ. ಸಾಮಾನ್ಯವಾಗಿ ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರನ್ನು ಬೆಸೆದು ಇದನ್ನು ತಯಾರಿಸಲಾಗುತ್ತದೆ.

ಸವೆತದ ಲಕ್ಷಣಗಳು

ಶಾಖ, ಎಣ್ಣೆ ಹಾಗೂ ದೀರ್ಘಕಾಲದ ಬಳಕೆಯಿಂದ ರಬ್ಬರ್ ಬಿರುಕು ಬಿಡುತ್ತದೆ. ಆಗ ಬ್ರೇಕ್ ಹಾಕಿದೊಡನೆ ಚಕ್ರದ ಕೋನ ಬದಲಾಗಿ ಕಾರು ಪಕ್ಕಕ್ಕೆ ಎಳೆಯಬಹುದು. ವೇಗದ ಕಾರುಗಳಲ್ಲಿ ಇದು ಅಪಾಯಕಾರಿ. ಟೈರುಗಳ ಅಸಮ ಸವೆತ, ರಸ್ತೆಗುಂಡಿಗಳಲ್ಲಿ ಬಡಿತದ ಸದ್ದು ಇತರ ಲಕ್ಷಣಗಳು. 1989ರ ಮಜ್ದಾ ಎಂಎಕ್ಸ್-5ರಂತೆ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಇರುವ ಕಾರುಗಳಲ್ಲಿ ಬುಷ್‌ಗಳು ಹಲವಾರು. ಒಂದೊಂದರ ಅಲ್ಪ ಸಡಿಲತೆಯೂ ಒಟ್ಟುಗೂಡಿ ಚಾಲನೆಯ ನಿಖರತೆಯನ್ನು ಕೆಡಿಸುತ್ತದೆ.

ಪರ್ಯಾಯಗಳು

ಪಾಲಿಯುರಿಥೇನ್ ಬುಷ್‌ಗಳು ಸಾಮಾನ್ಯವಾಗಿ ಮೂಲ ರಬ್ಬರ್ ಬುಷ್‌ಗಳಿಗಿಂತ ಗಡಸು. ಇವುಗಳಿಂದ ಸ್ಟೀರಿಂಗ್ ನಿಖರವಾಗುತ್ತದೆಯಾದರೂ ಕಂಪನ ಮತ್ತು ಸದ್ದು ಹೆಚ್ಚುತ್ತವೆ. ಒಳಕೊಳವೆಯ ಮೇಲೆ ಜಾರುತ್ತ ತಿರುಗುವುದರಿಂದ ಇವುಗಳಿಗೆ ಗ್ರೀಸ್ ಹಚ್ಚಬೇಕು. ರೇಸ್ ಕಾರುಗಳಲ್ಲಿ ಗೋಳಾಕಾರದ ಲೋಹದ ಬೇರಿಂಗ್‌ಗಳನ್ನು ಬಳಸುವುದುಂಟು.

ಬದಲಾಯಿಸುವ ಕ್ರಮ

ಹಳೆಯ ಬುಷ್ಷನ್ನು ಪ್ರೆಸ್ ಯಂತ್ರದಿಂದ ಒತ್ತಿ ಹೊರತೆಗೆಯಲಾಗುತ್ತದೆ. ಬೆಸೆದ ರಬ್ಬರ್ ಬುಷ್ ತೋಳಿನ ಚಲನೆಯೊಂದಿಗೆ ತಿರುಚಿಕೊಳ್ಳುವುದರಿಂದ, ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಬೋಲ್ಟುಗಳನ್ನು ಪೂರ್ಣವಾಗಿ ಬಿಗಿಗೊಳಿಸಬೇಕು. ಚಕ್ರಗಳು ನೇತಾಡುವಾಗ ಬಿಗಿದರೆ ಹೊಸ ಬುಷ್ ಬೇಗನೆ ಹರಿಯುತ್ತದೆ. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಅಗತ್ಯ.