ಎದೆಯ ಎಕ್ಸ್‌ರೇ: ಅಂಜಿಕೆ ಬೇಡ, ಅಸಡ್ಡೆಯೂ ಬೇಡ

ಮಳೆಗಾಲ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೋ ಹೊಡೆಸಲು ಓಡಾಡುವ ನಾವು, ನಮ್ಮ ಎದೆಯ ಕೆಮ್ಮನ್ನು ಮಾತ್ರ ‘ಕೊಯ್ಲು ಮುಗಿಯಲಿ, ನೋಡೋಣ’ ಎಂದು ಮುಂದೆ ಹಾಕುತ್ತೇವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣಲೇಬೇಕು. ಅವರು ಕಫದ ಪರೀಕ್ಷೆಯೊಡನೆ ಎಕ್ಸ್‌ರೇ ತೆಗೆಸಲು ಹೇಳಬಹುದು. ಹಾಗೆಂದೊಡನೆ ಗಾಬರಿಯಾಗುವ ಸದಸ್ಯ ಬಂಧುಗಳಿಗಾಗಿ ಈ ನಾಲ್ಕು ಮಾತು.

ಇದಕ್ಕೆ ಉಪವಾಸ ಬೇಕಿಲ್ಲ. ಬೆಳಗಿನ ಕಾಫಿ ಕುಡಿದೇ ಹೋಗಬಹುದು. ಚುಚ್ಚುವುದಿಲ್ಲ, ನೋವೂ ಇಲ್ಲ. ಸರ, ಪಿನ್ನು, ಲೋಹದ ಗುಂಡಿಗಳು ಚಿತ್ರದಲ್ಲಿ ಬಿಳಿಯಾಗಿ ಮೂಡಿ ಶ್ವಾಸಕೋಶವನ್ನು ಮರೆಮಾಡುವುದರಿಂದ ಅವನ್ನು ತೆಗೆದಿಡಬೇಕು. ಹೆಂಗಸರು ಕೊರಳಿನ ಸರವನ್ನು ಜೊತೆಗೆ ಬಂದವರ ಕೈಗೆ ಕೊಟ್ಟು, ಜಡೆಯನ್ನು ಮೇಲೆತ್ತಿ ಕಟ್ಟಿಕೊಳ್ಳುವುದು ಲೇಸು. ಗರ್ಭಿಣಿಯರು, ಆ ಸಂಶಯವಿರುವವರೂ ಸಹ, ಮೊದಲೇ ತಿಳಿಸತಕ್ಕದ್ದು.

ಎದೆಯನ್ನು ಹಲಗೆಗೆ ಒತ್ತಿ, ಗದ್ದ ಎತ್ತಿಸಿ, ಭುಜಗಳನ್ನು ಮುಂದೆ ಬಾಗಿಸಿ ನಿಲ್ಲಿಸುತ್ತಾರೆ. ‘ಉಸಿರೆಳೆದು ಹಿಡಿಯಿರಿ’ ಎಂದಾಗ ಅಲುಗಾಡಬಾರದು. ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಒಂದು ಚಿತ್ರದಿಂದ ಮೈಗೆ ತಗಲುವ ವಿಕಿರಣವು, ನಿಸರ್ಗದಿಂದಲೇ ಸುಮಾರು 10 ದಿನಗಳಲ್ಲಿ ನಮಗೆ ತಗಲುವಷ್ಟು ಮಾತ್ರ.

ಗಾಳಿ ತುಂಬಿದ ಶ್ವಾಸಕೋಶ ಚಿತ್ರದಲ್ಲಿ ಕಪ್ಪಾಗಿಯೂ ಎಲುಬು ಬಿಳಿಯಾಗಿಯೂ ಕಾಣುತ್ತವೆ. ಶ್ವಾಸಕೋಶದಲ್ಲಿ ಬಿಳಿ ಮಚ್ಚೆ ಕಂಡ ಮಾತ್ರಕ್ಕೆ ಕ್ಷಯವೆಂದು ತೀರ್ಮಾನಿಸಲಾಗದು. ಕಫದ ಪರೀಕ್ಷೆಯಿಂದ ಅದು ಖಚಿತವಾಗಬೇಕು. ನಮ್ಮ ಕೆಲಸವನ್ನೂ ವೈದ್ಯರಿಗೆ ಹೇಳಬೇಕು. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ಬೋರ್ಡೋ ದ್ರಾವಣ ಸಿಂಪಡಿಸುತ್ತಿದ್ದವರ ಶ್ವಾಸಕೋಶಕ್ಕೆ ಹಾನಿಯಾದುದನ್ನು 1969ರಲ್ಲಿ ವೈದ್ಯರು ವರದಿ ಮಾಡಿದ್ದರು. ಆದ್ದರಿಂದ ಔಷಧಿ ಹೊಡೆಯುವುದು, ಅಡಿಕೆ ಸುಲಿಯುವ ಧೂಳು, ಬೀಡಿಯ ಅಭ್ಯಾಸ, ಯಾವುದನ್ನೂ ಮುಚ್ಚಿಡಬಾರದು. ಹಳೆಯ ಎಕ್ಸ್‌ರೇ ಇದ್ದರೆ ಹೋಲಿಸಿ ನೋಡಲು ಕೊಂಡೊಯ್ಯಿರಿ.

ಕ್ಷಯವೇ ಆಗಿದ್ದರೂ ಎದೆಗುಂದಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಸೇವಿಸಿದರೆ ವಾಸಿಯಾಗುತ್ತದೆ. ತಡಮಾಡಿದರೆ ಮನೆಮಂದಿಗೂ ತೋಟದ ಆಳುಗಳಿಗೂ ಹರಡಬಹುದು. ಲೈನಿನಲ್ಲಿ ಕೆಮ್ಮುತ್ತಿರುವ ಆಳಿಗೆ ಒಂದು ದಿನದ ಬಿಡುವು ಕೊಟ್ಟು ಆಸ್ಪತ್ರೆಗೆ ಕಳುಹಿಸುವುದೂ ನಮ್ಮದೇ ಹೊಣೆ. ಕೊಯ್ಲು ಒಂದು ದಿನ ಕಾದೀತು, ಕೆಮ್ಮು ಕಾಯದು.