ಡ್ರಮ್ ಇಲ್ಲದ ಮೂವರಿಗೆ ಒಂದು ಸಲಾಂ



ಹಿರಿಯರು ಹಾಡಿದ್ದನ್ನು ಕಿರಿಯರು ಮತ್ತೆ ಹಾಡುವುದು ನಮಗೇನೂ ಹೊಸತಲ್ಲ. ಕ್ಯಾಸೆಟ್ ಕಾಲದಿಂದಲೂ ಹಳೆಯ ಹಾಡನ್ನು ಹೊಸ ಕಂಠದಲ್ಲಿ ಕೇಳುತ್ತಲೇ ಬಂದಿದ್ದೇವೆ. ಅದರಲ್ಲಿ ಹೆಚ್ಚಿನದು ಮೂಲದ ನಕಲು. ಉಳಿದದ್ದು ಜೋರು ಬೀಟ್ ಸೇರಿಸಿದ ರೀಮಿಕ್ಸ್. ಹಾಗಾದರೆ ಹಿರಿಯರಿಗೆ ಗೌರವ ಸಲ್ಲಿಸೋದಕ್ಕೆ ಬೇರೆ ದಾರಿಯೇ ಇಲ್ಲವೇ?

ಇದೆ ಅನ್ನೋದಕ್ಕೆ 1996ರಲ್ಲಿ ಬಂದ ಒಂದು ಜಾಝ್ ಆಲ್ಬಂ ಸಾಕ್ಷಿ. ಹೆಸರು 'ಆಲ್ ಫಾರ್ ಯು'. ಹಾಡಿದವರು, ಜೊತೆಗೆ ಪಿಯಾನೋ ನುಡಿಸಿದವರು ಕೆನಡಾದ ಡಯಾನಾ ಕ್ರಾಲ್. ಆಲ್ಬಂನ ಉಪಶೀರ್ಷಿಕೆಯಲ್ಲೇ ಇದು 'ನ್ಯಾಟ್ ಕಿಂಗ್ ಕೋಲ್ ಟ್ರಿಯೋ'ಗೆ ಅರ್ಪಣೆ ಅಂತ ಬರೆದಿದೆ. ಅದರಲ್ಲಿರುವ 'ಟ್ರಿಯೋ' ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಡೀ ಆಲ್ಬಂನ ಗುಟ್ಟು ಅಲ್ಲೇ ಇದೆ.

ಮೊದಲು ಪಿಯಾನೋ, ಆಮೇಲೆ ಕಂಠ

ನ್ಯಾಟ್ ಕಿಂಗ್ ಕೋಲ್ ಅಂದರೆ ನಮ್ಮಲ್ಲಿ ಹಲವರಿಗೆ ನೆನಪಾಗೋದು 'ಅನ್‌ಫರ್‌ಗೆಟಬಲ್', ಇಲ್ಲವೇ ಡಿಸೆಂಬರ್ ಬಂತೆಂದರೆ ಅಂಗಡಿಗಳಲ್ಲಿ ತೇಲಿಬರುವ 'ದ ಕ್ರಿಸ್‌ಮಸ್ ಸಾಂಗ್'. ಹಿಂದೆ ಸಾಲು ಸಾಲು ವಯಲಿನ್, ಮುಂದೆ ರೇಷ್ಮೆಯಂಥ ಕಂಠ. ಆದರೆ ಆ ಮನುಷ್ಯ ಮೊದಲು ಹೆಸರು ಮಾಡಿದ್ದು ಪಿಯಾನೋ ವಾದಕರಾಗಿ.

1919ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಹುಟ್ಟಿ, ಷಿಕಾಗೋದಲ್ಲಿ ಬೆಳೆದವರು ಕೋಲ್. ತಂದೆ ಚರ್ಚಿನಲ್ಲಿ ಪಾದ್ರಿ, ತಾಯಿ ಅಲ್ಲೇ ಆರ್ಗನ್ ನುಡಿಸುತ್ತಿದ್ದರು. ಮಗನಿಗೆ ಮೊದಲ ಪಾಠ ಅಮ್ಮನಿಂದಲೇ. ಷಿಕಾಗೋದ ಅರ್ಲ್ ಹೈನ್ಸ್ ಅವರ ಪಿಯಾನೋ ಹುಡುಗನಿಗೆ ಹುಚ್ಚು ಹಿಡಿಸಿತು. 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೋಲ್ ತಮ್ಮದೊಂದು ಪುಟ್ಟ ತಂಡ ಕಟ್ಟಿದರು. ಗಿಟಾರ್‌ಗೆ ಆಸ್ಕರ್ ಮೂರ್, ಬೇಸ್‌ಗೆ ವೆಸ್ಲಿ ಪ್ರಿನ್ಸ್, ಪಿಯಾನೋಗೆ ಕೋಲ್. 1942ರಲ್ಲಿ ಪ್ರಿನ್ಸ್ ಜಾಗಕ್ಕೆ ಜಾನಿ ಮಿಲ್ಲರ್ ಬಂದರು. ಬರಬೇಕಿದ್ದ ಡ್ರಮ್ಮರ್ ಕೈಕೊಟ್ಟಿದ್ದರಿಂದಲೇ ಮೂವರ ತಂಡವಾಯಿತು ಅಂತ ಒಂದು ಕತೆಯೂ ಉಂಟು! ಕತೆ ಹೇಗೇ ಇರಲಿ, ದೊಡ್ಡ ದೊಡ್ಡ ಬ್ಯಾಂಡುಗಳ ಆ ಜಮಾನಾದಲ್ಲಿ ಡ್ರಮ್ಮೇ ಇಲ್ಲದ ತಂಡ ಅಂದರೆ ಧೈರ್ಯದ ಮಾತು.

ತಾಳ ಹಾಕೋರು ಯಾರು?

ಮೃದಂಗವಿಲ್ಲದ ಕಛೇರಿಯನ್ನು ಸುಮ್ಮನೆ ಕಲ್ಪಿಸಿಕೊಳ್ಳಿ. ತಾಳದ ಹೊಣೆ ಉಳಿದವರೆಲ್ಲರ ಮೇಲೆ ಬೀಳುತ್ತದೆ, ಅಲ್ಲವೇ? ಈ ಟ್ರಿಯೋದಲ್ಲಿ ಆಗಿದ್ದೂ ಅದೇ. ಬೇಸ್ ಒಂದೊಂದೇ ಹೆಜ್ಜೆ ಇಡುತ್ತಾ ನಡಿಗೆ ಕೊಡುತ್ತದೆ. ಗಿಟಾರ್ ಒಮ್ಮೆ ತಂತಿಗಳನ್ನು ಮೀಟಿ ತಾಳ ಹಿಡಿದರೆ, ಮರುಕ್ಷಣ ಪಿಯಾನೋಗೆ ಮಾರುತ್ತರ ಕೊಡುತ್ತದೆ. ಪಿಯಾನೋ ಎಲ್ಲವನ್ನೂ ತಾನೇ ತುಂಬಿಸಲು ಹೋಗದೆ, ಬೇಕಾದಷ್ಟೇ ನುಡಿದು ಸುಮ್ಮನಾಗುತ್ತದೆ. ಸದ್ದು ಕಡಿಮೆ, ನಡುವೆ ಜಾಗ ಜಾಸ್ತಿ. ಆ ಜಾಗದಲ್ಲಿ ಕೂತು ಮಾತಾಡಿದ ಹಾಗೆ ಹಾಡಬಹುದು, ಕಿರುಚುವ ಅಗತ್ಯವೇ ಇಲ್ಲ.

ಜನ ಇದನ್ನು ಮೆಚ್ಚಿದರು. 1943ರಲ್ಲಿ ಕ್ಯಾಪಿಟಲ್ ಕಂಪನಿಗೆ ಧ್ವನಿಮುದ್ರಿಸಿದ 'ಸ್ಟ್ರೈಟನ್ ಅಪ್ ಅಂಡ್ ಫ್ಲೈ ರೈಟ್' ಮರುವರ್ಷ ಮನೆಮಾತಾಯಿತು. ಕೋತಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿ ಮೋಸ ಮಾಡಹೊರಟ ರಣಹದ್ದಿಗೆ ಕೋತಿಯೇ ಬುದ್ಧಿ ಕಲಿಸುವ ಕತೆ ಅದು. ಕೋಲ್ ತಂದೆ ಚರ್ಚಿನಲ್ಲಿ ಪ್ರವಚನ ಮಾಡುವಾಗ ಹೇಳುತ್ತಿದ್ದ ಕತೆಯಂತೆ. ನಮ್ಮ ಪಂಚತಂತ್ರದ ಕೋತಿ, ಮೊಸಳೆ ನೆನಪಾಗದೇ ಇರುತ್ತದೆಯೇ! 1945ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಮೊಟ್ಟಮೊದಲ ಸಲ ಆಲ್ಬಂಗಳ ಪಟ್ಟಿ ಪ್ರಕಟಿಸಿದಾಗ ಮೊದಲ ಸ್ಥಾನದಲ್ಲಿದ್ದದ್ದು ಇದೇ ಟ್ರಿಯೋ. 1946ರಲ್ಲಿ ಎನ್‌ಬಿಸಿ ರೇಡಿಯೋದಲ್ಲಿ ಇವರದೇ ಹದಿನೈದು ನಿಮಿಷದ ಕಾರ್ಯಕ್ರಮ ಶುರುವಾಯಿತು. ಕರಿಯರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 1948ರಲ್ಲಿ ಕೋಲ್ ಲಾಸ್ ಏಂಜಲೀಸ್‌ನ ಬಿಳಿಯರ ಬಡಾವಣೆಯೊಂದರಲ್ಲಿ ಮನೆ ಕೊಂಡಾಗ ನೆರೆಹೊರೆಯವರು ತಕರಾರು ತೆಗೆದರು. 1956ರಲ್ಲಿ ತವರು ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡುತ್ತಿದ್ದಾಗ ವೇದಿಕೆಯ ಮೇಲೇ ಅವರ ಮೇಲೆ ಹಲ್ಲೆ ನಡೆಯಿತು. ಆ ಮೃದು ದನಿಯ ಹಿಂದೆ ಇಷ್ಟೆಲ್ಲ ಇತ್ತು.

ಕಂಠ ಗೆದ್ದಿತು, ಪಿಯಾನೋ ಮರೆಯಾಯಿತು

ಗೆಲುವಿಗೂ ಒಂದು ಬೆಲೆ ಇರುತ್ತದೆ. 1946ರ 'ದ ಕ್ರಿಸ್‌ಮಸ್ ಸಾಂಗ್'ಗೆ ವಯಲಿನ್‌ಗಳು ಬಂದವು. 1948ರಲ್ಲಿ 'ನೇಚರ್ ಬಾಯ್' ದಾಖಲೆಯ ಜಯ ಕಂಡಿತು. ಅಷ್ಟರಲ್ಲಿ ಆಸ್ಕರ್ ಮೂರ್ ತಂಡ ಬಿಟ್ಟಾಗಿತ್ತು, ಸ್ವಲ್ಪದರಲ್ಲೇ ಮಿಲ್ಲರ್ ಕೂಡ ಹೊರಟರು. ಕೋಲ್ ಮೆಲ್ಲಗೆ ಪಿಯಾನೋ ಬಿಟ್ಟೆದ್ದು ಮೈಕಿನ ಮುಂದೆ ನಿಂತರು. 1957ರ 'ಆಫ್ಟರ್ ಮಿಡ್‌ನೈಟ್' ಆಲ್ಬಂನಲ್ಲಿ ಮತ್ತೆ ಪಿಯಾನೋಗೆ ಕೂತದ್ದುಂಟು. ಆದರೆ ಆಗಿನ ಬಹಳ ಮಂದಿ ಅಭಿಮಾನಿಗಳಿಗೆ ಅವರು ಬರೀ ಗಾಯಕ. 1965ರ ಫೆಬ್ರವರಿಯಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಕೇವಲ 45 ವರ್ಷ.

ಆಗ ಕೆನಡಾದ ನನೈಮೋ ಎಂಬ ಊರಿನಲ್ಲಿ ಡಯಾನಾ ಕ್ರಾಲ್ ಮೂರು ತಿಂಗಳ ಕೂಸು. ಅಪ್ಪನಿಗೆ ಹಳೆಯ ರೆಕಾರ್ಡುಗಳ ಹುಚ್ಚು, ಮನೆಯಲ್ಲಿ ಪಿಯಾನೋ. ಹದಿನೈದರ ಹರೆಯಕ್ಕೇ ಊರಿನ ರೆಸ್ಟೋರೆಂಟಿನಲ್ಲಿ ನುಡಿಸುತ್ತಿದ್ದ ಹುಡುಗಿ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿಗೆ ಹೋದರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಹಿರಿಯ ಪಿಯಾನೋ ವಾದಕ ಜಿಮ್ಮಿ ರೌಲ್ಸ್ ಅವರ ಬಳಿ ಕಲಿತರು. ಹಾಡು ಅಂತ ಹುರಿದುಂಬಿಸಿದವರೂ ರೌಲ್ಸ್. ಅಂದರೆ ಕೋಲ್ ಹಾಗೆಯೇ ಇವರಿಗೂ ಮೊದಲು ಬಂದದ್ದು ಪಿಯಾನೋ!

ಮಗಳದ್ದು ಒಂದು ದಾರಿ, ಇವರದ್ದು ಇನ್ನೊಂದು

ಕೋಲ್ ಮಗಳು ನ್ಯಾಟಲಿ ಕೋಲ್ 1991ರಲ್ಲಿ ತಂದೆಯ ಹಾಡುಗಳ ಆಲ್ಬಂ ತಂದರು. ಅದರಲ್ಲಿ ತಂದೆಯ ಹಳೆಯ ಧ್ವನಿಮುದ್ರಣಕ್ಕೆ ತಮ್ಮ ದನಿ ಜೋಡಿಸಿ ಯುಗಳ ಗೀತೆ ಮಾಡಿದ್ದರು. ಲಕ್ಷಾಂತರ ಮಂದಿ ಕಣ್ಣೊರೆಸಿಕೊಂಡು ಕೇಳಿದರು. ಮರುವರ್ಷ ಅದಕ್ಕೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಬಂತು. ಆ ಆಲ್ಬಂನ ನಿರ್ಮಾಪಕರಲ್ಲಿ ಒಬ್ಬರಾದ ಟಾಮಿ ಲಿಪುಮಾ ಅವರೇ 'ಆಲ್ ಫಾರ್ ಯು' ನಿರ್ಮಾಪಕರೂ ಹೌದು. ಮಗಳು ಮರಳಿ ತಂದದ್ದು ತಂದೆಯ ಕಂಠವನ್ನು. ಕ್ರಾಲ್ ಮರಳಿ ತಂದದ್ದು ಆ ಮೂವರ ಕೂಟವನ್ನು.

ಗಿಟಾರ್‌ಗೆ ರಸೆಲ್ ಮಲೋನ್, ಬೇಸ್‌ಗೆ ಪಾಲ್ ಕೆಲ್ಲರ್. ಡ್ರಮ್ ಇಲ್ಲ. ಒಂದು ಹಾಡಿನಲ್ಲಿ ಮಾತ್ರ ಸ್ಟೀವ್ ಕ್ರೂನ್ ಅವರ ತಾಳವಾದ್ಯವಿದೆ. 'ಅನ್‌ಫರ್‌ಗೆಟಬಲ್', 'ನೇಚರ್ ಬಾಯ್', 'ರೂಟ್ 66' ಯಾವುದೂ ಇದರಲ್ಲಿ ಇಲ್ಲ. ಎಲ್ಲರ ಬಾಯಲ್ಲಿರುವ ಹಾಡುಗಳನ್ನು ಬಿಟ್ಟು, 'ಫ್ರಿಮ್ ಫ್ರ್ಯಾಮ್ ಸಾಸ್', 'ಹಿಟ್ ದಟ್ ಜೈವ್, ಜಾಕ್' ತರಹದ ತುಂಟ ಹಾಡುಗಳನ್ನೂ ಕೆಲವು ನಿಧಾನದ ಹಾಡುಗಳನ್ನೂ ಆರಿಸಿಕೊಂಡಿದ್ದಾರೆ. ಕೋಲ್ ದನಿಯ ಅನುಕರಣೆ ಎಲ್ಲೂ ಇಲ್ಲ. ಕ್ರಾಲ್ ಅವರದ್ದು ತಗ್ಗಿದ, ತುಸು ಒರಟು ಕಂಠ. ಅವರು ಹಾಡುವುದು ಆ ಕಂಠದಲ್ಲೇ.

ಕೇಳುವಾಗ ಈ ಮೂರನ್ನು ಗಮನಿಸಿ

ಮೊದಲನೆಯದು, ಆರಂಭದ ಹಾಡು. ಇದು ಸ್ವತಃ ಕೋಲ್ ಬರೆದದ್ದು. ಅವರು 'ಎರಂಡ್ ಬಾಯ್' ಅಂದದ್ದನ್ನು ಕ್ರಾಲ್ 'ಎರಂಡ್ ಗರ್ಲ್' ಮಾಡಿದ್ದಾರೆ. ಲಯಕ್ಕೆ ಓಡಾಡುವ ಆಳು ನಾನು ಅನ್ನೋ ಹಾಡು. ಬದಲಾದದ್ದು ಒಂದೇ ಪದ, ಹಾಡು ಮಾತ್ರ ಅವರದೇ ಆಗಿಬಿಟ್ಟಿದೆ.

ಎರಡನೆಯದು, 'ಎ ಬ್ಲಾಸಮ್ ಫೆಲ್'. 1955ರಲ್ಲಿ ಬಂದ ಇದನ್ನು ಕೋಲ್ ಹಾಡಿದ್ದು ದೊಡ್ಡ ವಾದ್ಯವೃಂದದ ಜೊತೆ. ಅಂದರೆ ಟ್ರಿಯೋ ಮುಗಿದ ಮೇಲಿನ ಹಾಡು. ಕ್ರಾಲ್ ಅದನ್ನೂ ಪುಟ್ಟ ತಂಡಕ್ಕೆ ಇಳಿಸಿ, ಕೋಲ್ ಪಿಯಾನೋ ಬಿಟ್ಟೇಳದೇ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ತೋರಿಸುತ್ತಾರೆ. ನನಗೆ ಇಡೀ ಆಲ್ಬಂನಲ್ಲಿ ಅತಿ ಇಷ್ಟವಾದ ಗೌರವ ಇದೇ.

ಮೂರನೆಯದು, 'ಇಫ್ ಐ ಹ್ಯಾಡ್ ಯು'. ಇಲ್ಲಿ ಕ್ರಾಲ್ ಹಾಡುತ್ತಾರೆ ಅಷ್ಟೆ, ಪಿಯಾನೋ ಬೆನ್ನಿ ಗ್ರೀನ್ ಅವರದ್ದು. ಪಿಯಾನೋ ಬಿಟ್ಟು ಬರೀ ಗಾಯಕಿಯಾಗುವ ಆಸೆ ಅವರನ್ನೂ ಒಂದು ಗಳಿಗೆ ಕರೆದಿರಬಹುದೇ? 1999ರ 'ವೆನ್ ಐ ಲುಕ್ ಇನ್ ಯುವರ್ ಐಸ್', 2001ರ 'ದ ಲುಕ್ ಆಫ್ ಲವ್' ಆಲ್ಬಂಗಳಲ್ಲಿ ಇವರ ಹಿಂದೆಯೂ ವಯಲಿನ್‌ಗಳು ಬಂದವು. ಮೊದಲನೆಯದು ಗ್ರ್ಯಾಮಿಯನ್ನೂ ತಂದುಕೊಟ್ಟಿತು. ಆದರೆ ಕ್ರಾಲ್ ಪಿಯಾನೋ ಮುಂದಿನ ಆಸನವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಟ್ರಿಯೋದಿಂದ ಅವರು ಕಲಿತ ನಿಜವಾದ ಪಾಠ ಇದೇ ಇರಬೇಕು.

ಲಿಪುಮಾ 2017ರಲ್ಲಿ ತೀರಿಕೊಂಡರು. ಮಲೋನ್ 2024ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ, ಪ್ರವಾಸದಲ್ಲಿದ್ದಾಗಲೇ ಹೋಗಿಬಿಟ್ಟರು. ಒಬ್ಬರಿಗೆ ಅರ್ಪಣೆಯಾಗಿ ಬಂದ ಆಲ್ಬಂ ಈಗ ಇವರಿಬ್ಬರ ನೆನಪೂ ಆಗಿದೆ.

ಟ್ರಾಫಿಕ್ಕು, ಲೋಕಲ್ ರೈಲು, ಆಫೀಸು ಅಂತ ದಿನವಿಡೀ ಸದ್ದಿನಲ್ಲೇ ಇರುವ ನಮಗೆ ಸಂಜೆಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗೋದು ಕಷ್ಟ. ಮೊದಲು ಕ್ರಾಲ್ ಕೇಳಿ, ಆಮೇಲೆ 1940ರ ದಶಕದ ಮೂಲ ಟ್ರಿಯೋ ಹುಡುಕಿ ಕೇಳಿ. ಕೇಳುವಾಗ ಹಾಡಿನ ಜೊತೆಗೆ ಆ ಹಾಡಿದವರ ಬೆರಳುಗಳ ಕಡೆಗೂ ಸ್ವಲ್ಪ ಕಿವಿ ಕೊಡಿ.

ಮತ್ತೆ ಸಿಗೋಣ. ಕೇಳ್ತಾ ಇರಿ!